ಮುದ್ರಿತ ಚಿತ್ರಗಳಲ್ಲಿ ಟಿಪ್ಪು ಸುಲ್ತಾನ್

ಮೈಸೂರು ರಾಜ್ಯವನ್ನು 1782ರಿಂದ 1799ರವರೆಗೆ ಆಳಿದ ಟಿಪ್ಪು ಸುಲ್ತಾನನು ಬ್ರಿಟನ್ನಿನ ಚಿತ್ರಕಾರರೂ ಮುದ್ರಕರೂ ಮತ್ತೆ ಮತ್ತೆ ಚಿತ್ರಿಸಿದ ಭಾರತೀಯ ಅರಸರಲ್ಲಿ ಪ್ರಮುಖನು. ತಾಮ್ರಫಲಕದ ಕೆತ್ತನೆಗಳು, ವ್ಯಂಗ್ಯಚಿತ್ರಗಳು, ಭಾರೀ ಗಾತ್ರದ ಯುದ್ಧಚಿತ್ರಗಳು ಹಾಗೂ ನಂತರದ ಸಚಿತ್ರ ಪತ್ರಿಕೆಗಳ ಮೂಲಕ ಅವನ ರೂಪ ಜನಸಾಮಾನ್ಯರನ್ನು ತಲುಪಿತು. ಈ ಚಿತ್ರಗಳಲ್ಲಿ ಹಲವಕ್ಕೆ ಇಂದಿನ ಮಂಡ್ಯ ಜಿಲ್ಲೆಯ ಶ್ರೀರಂಗಪಟ್ಟಣವೇ ಹಿನ್ನೆಲೆ. ಚಿತ್ರಕಾರರಲ್ಲಿ ಅನೇಕರು ಟಿಪ್ಪುವನ್ನಾಗಲಿ ಶ್ರೀರಂಗಪಟ್ಟಣವನ್ನಾಗಲಿ ಕಂಡವರಲ್ಲ.

ದರಿಯಾ ದೌಲತ್‌ನ ಭಿತ್ತಿಚಿತ್ರಗಳು

ಟಿಪ್ಪು ತನ್ನನ್ನು ಹೇಗೆ ಕಾಣಿಸಿಕೊಳ್ಳಬಯಸಿದ್ದನೆಂಬುದಕ್ಕೆ ಶ್ರೀರಂಗಪಟ್ಟಣದ ದರಿಯಾ ದೌಲತ್ ಅರಮನೆಯ ಗೋಡೆಗಳೇ ಸಾಕ್ಷಿ. 1784ರಲ್ಲಿ ನಿರ್ಮಾಣವಾದ ಈ ಬೇಸಿಗೆ ಅರಮನೆಯ ಪಶ್ಚಿಮದ ಗೋಡೆಯಲ್ಲಿ 1780ರ ಸೆಪ್ಟೆಂಬರ್ 10ರ ಪೊಳ್ಳಿಲೂರು ಯುದ್ಧದ ದೃಶ್ಯವಿದೆ. ಹೈದರಾಲಿ ಮತ್ತು ಟಿಪ್ಪು ಸೇನೆಯನ್ನು ನಡೆಸುತ್ತಿದ್ದಾರೆ. ಸೋತ ಕರ್ನಲ್ ಬೈಲಿ ಗಾಯಗೊಂಡು ಪಲ್ಲಕ್ಕಿಯಲ್ಲಿ ಕುಳಿತಿದ್ದಾನೆ. ಅವನ ಸೈನ್ಯದ ಮದ್ದಿನ ಬಂಡಿ ಸಿಡಿಯುತ್ತಿದೆ. 1799ರ ನಂತರ ಇಲ್ಲಿ ವಾಸವಾಗಿದ್ದ ಆರ್ಥರ್ ವೆಲ್ಲೆಸ್ಲಿ ಈ ಚಿತ್ರಗಳನ್ನು ದುರಸ್ತಿ ಮಾಡಿಸಿದನು. 1855ರಲ್ಲಿ ಗವರ್ನರ್ ಜನರಲ್ ಡಾಲ್‌ಹೌಸಿಯ ಆದೇಶದಂತೆ ಅವನ್ನು ಮತ್ತೆ ಬರೆಸಲಾಯಿತು. ಹೀಗೆ ಬ್ರಿಟಿಷರ ಸೋಲಿನ ಚಿತ್ರವು ಬ್ರಿಟಿಷರ ಆಸಕ್ತಿಯಿಂದಲೇ ಉಳಿದುಬಂದಿತು.

ವ್ಯಂಗ್ಯಚಿತ್ರಗಳು

1791ರ ಮೇ 15ರಂದು ಅರಕೆರೆಯ ಬಳಿ ನಡೆದ ಕಾಳಗದಲ್ಲಿ ಲಾರ್ಡ್ ಕಾರ್ನ್‌ವಾಲಿಸ್ ಗೆದ್ದನಾದರೂ, ಆಹಾರದ ಕೊರತೆ, ಜಾನುವಾರುಗಳ ಸಾವು ಮತ್ತು ಮಳೆಯಿಂದಾಗಿ ಮುತ್ತಿಗೆಯ ಫಿರಂಗಿಗಳನ್ನು ತಾನೇ ನಾಶಪಡಿಸಿ ಹಿಮ್ಮೆಟ್ಟಬೇಕಾಯಿತು. ಈ ಸುದ್ದಿ ಲಂಡನ್ ತಲುಪಿದಾಗ ಜೇಮ್ಸ್ ಗಿಲ್ರೇ 1791ರ ಡಿಸೆಂಬರಿನಲ್ಲಿ ಒಂದು ವ್ಯಂಗ್ಯಚಿತ್ರವನ್ನು ಪ್ರಕಟಿಸಿದನು. ಅದರಲ್ಲಿ ಕೋಟೆಗೋಡೆಯ ಮೇಲೆ ನಿಂತ ಟಿಪ್ಪು, ಕೆಳಗೆ ಓಡುತ್ತಿರುವ ಕಾರ್ನ್‌ವಾಲಿಸನ ಮೇಲೆ ಮೂತ್ರ ವಿಸರ್ಜಿಸುತ್ತಿದ್ದಾನೆ. ಅದನ್ನೇ 'ಮುಂಗಾರಿನ ಆಗಮನ' ಎಂದು ಅಣಕಿಸಲಾಗಿದೆ. ಇಲ್ಲಿ ನಗೆಗೀಡಾದವನು ಟಿಪ್ಪುವಲ್ಲ, ಬ್ರಿಟಿಷ್ ಸೇನಾಪತಿ. ಥಾಮಸ್ ರೋಲಂಡ್‌ಸನ್ 1799ರಲ್ಲಿ ಟಿಪ್ಪುವಿನ ಮರಣದ ಕುರಿತು ಬರೆದ ಚಿತ್ರವು ಜನಾನಾದ ಹೆಂಗಸರ ಮೇಲೆರಗುವ ಬ್ರಿಟಿಷ್ ಸೈನಿಕರನ್ನು ತೋರಿಸುತ್ತದೆ. ಆದುದರಿಂದ ಅಂದಿನ ಬ್ರಿಟಿಷ್ ಚಿತ್ರಗಳೆಲ್ಲವೂ ಕಂಪನಿಯ ಗುಣಗಾನವೆಂದು ಭಾವಿಸುವುದು ಸರಿಯಲ್ಲ.

ಒತ್ತೆಯಾಳುಗಳ ಚಿತ್ರಗಳು

1792ರ ಫೆಬ್ರವರಿಯಲ್ಲಿ ಕಾರ್ನ್‌ವಾಲಿಸನ ಸೇನೆ ಹಿರೋಡೆಯ ಬಳಿ ಬೀಡುಬಿಟ್ಟು ಮತ್ತೆ ಮುತ್ತಿಗೆ ಹಾಕಿತು. ಮೈಸೂರಿನ ಸೇವೆಯಲ್ಲಿದ್ದ ಫ್ರೆಂಚ್ ಪಡೆಯ ನೆಲೆಯಾಗಿದ್ದ ಕಾರಣ ಈ ಊರನ್ನು ಬ್ರಿಟಿಷರು 'ಫ್ರೆಂಚ್ ರಾಕ್ಸ್' ಎಂದು ಕರೆಯುತ್ತಿದ್ದರು. ಇದೇ ಇಂದಿನ ಪಾಂಡವಪುರ. ಸಂಧಿಯ ಷರತ್ತಿನಂತೆ ಟಿಪ್ಪು ತನ್ನ ಮಕ್ಕಳಾದ ಅಬ್ದುಲ್ ಖಾಲಿಕ್ ಮತ್ತು ಮುಯಿಜುದ್ದೀನರನ್ನು ಒತ್ತೆಯಾಗಿ ಕಳುಹಿಸಿದನು. ಈ ಪ್ರಸಂಗವನ್ನು ರಾಬರ್ಟ್ ಹೋಮ್, ಮ್ಯಾದರ್ ಬ್ರೌನ್, ಹೆನ್ರಿ ಸಿಂಗಲ್ಟನ್ ಮೊದಲಾದವರು ಚಿತ್ರಿಸಿದರು. ಇವರಲ್ಲಿ ಸೇನೆಯ ಜೊತೆಯಲ್ಲಿದ್ದವನು ಹೋಮ್. ಬ್ರೌನ್ ಮತ್ತು ಸಿಂಗಲ್ಟನ್ ಇಂಗ್ಲೆಂಡಿನಲ್ಲಿಯೇ ಕುಳಿತು ಬರೆದರು. ಈ ಚಿತ್ರಗಳಲ್ಲಿ ಕಾರ್ನ್‌ವಾಲಿಸ್ ಮಕ್ಕಳ ಕೈಹಿಡಿಯುವ ಕರುಣಾಳು ತಂದೆಯಂತೆ ಕಾಣುತ್ತಾನೆ. ಮಕ್ಕಳ ನಿಜವಾದ ತಂದೆ ಚಿತ್ರದಲ್ಲಿಲ್ಲ. ಒತ್ತೆ ಇರಿಸಿಕೊಂಡ ಕಠಿಣ ಕ್ರಮವು ವಾತ್ಸಲ್ಯದ ದೃಶ್ಯವಾಗಿ ಮಾರ್ಪಟ್ಟಿತು.

1799ರ ನಂತರದ ಚಿತ್ರಗಳು

1799ರ ಮೇ 4ರಂದು ಟಿಪ್ಪು ಮಡಿದ ಮರುವರ್ಷವೇ ರಾಬರ್ಟ್ ಕೆರ್ ಪೋರ್ಟರ್ ಕೋಟೆಯ ಪತನವನ್ನು ಸುಮಾರು 120 ಅಡಿ ಉದ್ದದ ಚಿತ್ರವಾಗಿ ಬರೆದು ಲಂಡನ್ನಿನ ಲೈಸಿಯಂನಲ್ಲಿ ಪ್ರದರ್ಶಿಸಿದನು. ಅವನು ಶ್ರೀರಂಗಪಟ್ಟಣವನ್ನು ನೋಡಿರಲಿಲ್ಲ. ಮೂಲಚಿತ್ರ ಮುಂದೆ ಬೆಂಕಿಗೆ ಆಹುತಿಯಾಯಿತು. ಅದರ ಕೆತ್ತನೆ ಪ್ರತಿಗಳು ಉಳಿದಿವೆ. ಸಿಂಗಲ್ಟನ್‌ನ ಇನ್ನೊಂದು ಚಿತ್ರದಲ್ಲಿ ಟಿಪ್ಪು ಕತ್ತಿ ಹಿಡಿದು ಕೊನೆಯವರೆಗೆ ಹೋರಾಡುತ್ತಾನೆ. ಡೇವಿಡ್ ವಿಲ್ಕಿಯು 1839ರಲ್ಲಿ ಪೂರ್ಣಗೊಳಿಸಿದ ಚಿತ್ರದಲ್ಲಿ ಸರ್ ಡೇವಿಡ್ ಬೇರ್ಡ್ ಟಿಪ್ಪುವಿನ ಶವವನ್ನು ಪತ್ತೆಹಚ್ಚುತ್ತಾನೆ. ಪೊಳ್ಳಿಲೂರಿನಲ್ಲಿ ಸೆರೆಸಿಕ್ಕ ಬೇರ್ಡ್ ಶ್ರೀರಂಗಪಟ್ಟಣದ ಸೆರೆಮನೆಯಲ್ಲಿ ವರ್ಷಗಳನ್ನು ಕಳೆದಿದ್ದವನು. ಅದರ ನೆನಪಿಗೆ ಅವನ ಕಾಲ ಬಳಿಯಲ್ಲಿಯೇ ಸೆರೆಮನೆಯ ಸರಳುಗಳನ್ನು ವಿಲ್ಕಿ ಬರೆದಿದ್ದಾನೆ.

ಹುಲಿಯ ಸಂಕೇತ

ಹುಲಿ ಟಿಪ್ಪುವಿನ ಲಾಂಛನ. ಅವನ ಸಿಂಹಾಸನ, ಆಯುಧ, ಸೈನಿಕರ ಉಡುಪುಗಳಲ್ಲಿ ಹುಲಿಯ ಅಥವಾ ಹುಲಿಪಟ್ಟೆಯ ಗುರುತುಗಳಿದ್ದವು. ಬ್ರಿಟಿಷರು ಇದನ್ನೇ ತಿರುಗಿಸಿ, ವಿಜಯದ ಪದಕದ ಮೇಲೆ ಹುಲಿಯನ್ನು ಮಣಿಸುವ ಸಿಂಹವನ್ನು ಮೂಡಿಸಿದರು. ಯೂರೋಪಿಯನ್ನನ ಮೇಲೆರಗಿದ ಮರದ ಹುಲಿಯ ಯಂತ್ರವನ್ನು ಲಂಡನ್ನಿಗೆ ಸಾಗಿಸಲಾಯಿತು. ಅಗ್ಗದ ಸಚಿತ್ರ ಪತ್ರಿಕೆಯಾದ 'ಪೆನ್ನಿ ಮ್ಯಾಗಜಿನ್' 1835ರಲ್ಲಿ ಅದರ ಚಿತ್ರವನ್ನು ಪ್ರಕಟಿಸಿತು. 1857ರ ಆಗಸ್ಟ್ 22ರ 'ಪಂಚ್' ಪತ್ರಿಕೆಯಲ್ಲಿ ಜಾನ್ ಟೆನ್ನಿಯಲ್ ಬರೆದ ವ್ಯಂಗ್ಯಚಿತ್ರದಲ್ಲಿ ಬ್ರಿಟಿಷ್ ಸಿಂಹವು ಬಂಗಾಳದ ಹುಲಿಯ ಮೇಲೆ ಹಾರುತ್ತದೆ. ಪದಕದ ಮೇಲಿದ್ದ ಸಿಂಹ-ಹುಲಿಗಳ ಜೋಡಿ, ಟಿಪ್ಪು ಸತ್ತು 58 ವರ್ಷಗಳ ನಂತರ ದಂಗೆಯೆದ್ದ ಸಿಪಾಯಿಗಳ ವಿರುದ್ಧ ಮತ್ತೆ ಬಳಕೆಯಾದಂತಾಯಿತು.

ಚಿತ್ರ ಮತ್ತು ವಾಸ್ತವ

ಟಿಪ್ಪುವಿನ ಶವವನ್ನು ಕಂಡ ಮೇಜರ್ ಅಲೆಕ್ಸಾಂಡರ್ ಆ್ಯಲನ್ ಅವನ ಚಹರೆಯನ್ನು ದಾಖಲಿಸಿದ್ದಾನೆ: ಸುಮಾರು ಐದು ಅಡಿ ಎಂಟು ಅಂಗುಲ ಎತ್ತರ, ಗಿಡ್ಡ ಕೊರಳು, ತುಸು ಸ್ಥೂಲ ದೇಹ, ಸಣ್ಣ ಕೈಕಾಲುಗಳು, ದೊಡ್ಡ ಕಣ್ಣುಗಳು. ಕೆತ್ತನೆಗಳಲ್ಲಿನ ಉಗ್ರ ಮುಖಗಳೂ ನೀಳಕಾಯದ ವೀರರೂ ಈ ವರ್ಣನೆಗೆ ಹೊಂದುವುದಿಲ್ಲ.

ಸ್ವತಂತ್ರ ಭಾರತದಲ್ಲಿ

ಸಂವಿಧಾನದ ಮೂಲ ಹಸ್ತಪ್ರತಿಯ ಒಂದು ಪುಟದಲ್ಲಿ ಟಿಪ್ಪು ಮತ್ತು ಝಾನ್ಸಿಯ ಲಕ್ಷ್ಮೀಬಾಯಿಯ ಚಿತ್ರಗಳಿವೆ. ಈ ಹಸ್ತಪ್ರತಿಯನ್ನು ನಂದಲಾಲ್ ಬೋಸ್ ಮತ್ತು ಅವರ ಶಿಷ್ಯರು ಅಲಂಕರಿಸಿದರು. 1974ರಲ್ಲಿ ಟಿಪ್ಪುವಿನ ಅಂಚೆಚೀಟಿ ಹೊರಬಂದಿತು. ಆದರೆ ಅವನ ನೆನಪು ಏಕರೂಪದ್ದಲ್ಲ. ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯ ಮಂಡ್ಯಂ ಅಯ್ಯಂಗಾರರಲ್ಲಿ, ಟಿಪ್ಪುವಿನ ಕಾಲದಲ್ಲಿ ತಮ್ಮವರ ಹತ್ಯೆಯಾಯಿತೆಂಬ ನೆನಪಿನಿಂದ ನರಕ ಚತುರ್ದಶಿಯನ್ನು ಆಚರಿಸದ ಸಂಪ್ರದಾಯವಿದೆ. ಕೊಡಗಿನಲ್ಲಿಯೂ ಕಹಿ ನೆನಪುಗಳಿವೆ. ಕರ್ನಾಟಕ ಸರ್ಕಾರವು 2015ರಲ್ಲಿ ಆರಂಭಿಸಿದ ಟಿಪ್ಪು ಜಯಂತಿಯನ್ನು 2019ರಲ್ಲಿ ರದ್ದುಪಡಿಸಲಾಯಿತು. ಲಂಡನ್ನಿನ ಮುದ್ರಕರು ರೂಪಿಸಿದ ಕ್ರೂರಿ ಮತ್ತು ವೀರ ಎಂಬ ಎರಡು ಚಿತ್ರಗಳೂ ಇಂದಿನ ಪಠ್ಯಪುಸ್ತಕ ಹಾಗೂ ಭಿತ್ತಿಪತ್ರಗಳ ಚರ್ಚೆಯಲ್ಲಿ ಮುಂದುವರಿದಿವೆ.

ಇವನ್ನೂ ನೋಡಿ

ಶ್ರೀರಂಗಪಟ್ಟಣ
ದರಿಯಾ ದೌಲತ್
ಪೊಳ್ಳಿಲೂರು ಯುದ್ಧ
ಪಾಂಡವಪುರ