ತಂತು ದೀಪದ ಹಳೆಯ ಕಥೆ, ಹೊಸ ಎಚ್ಚರ

ಕಳೆದ ದೀಪಾವಳಿಗೆ ನಾವು ಟ್ರೂಪ್ ಬಜಾರಿನಿಂದ ನಾಲ್ಕು ಬಲ್ಬುಗಳನ್ನು ಕೊಂಡು ತಂದೆವು. ಈಗ ನಮ್ಮ ಹೈದರಾಬಾದಿನ ಹೊಸ ಕಾಫಿ ಅಂಗಡಿಗಳಲ್ಲಿ ತೂಗಾಡುತ್ತಿರುವಂಥವು; ಪಾರದರ್ಶಕ ಗಾಜು, ಅದರೊಳಗೆ ಹೊಂಬಣ್ಣದಲ್ಲಿ ಹೊಳೆಯುವ ನಾಲ್ಕು ಎಳೆಗಳು. ನೋಟಕ್ಕೆ ಅಜ್ಜನ ಕಾಲದ ಬಲ್ಬು, ಒಳಗಿನ ಕೆಲಸವೆಲ್ಲ ಎಲ್‌ಇಡಿಯದು. ಬಾಲ್ಕನಿಯಲ್ಲಿ ಅವನ್ನು ಹಚ್ಚಿದಾಗ ಹಬ್ಬಕ್ಕೆಂದು ಕಲಬುರಗಿಯಿಂದ ಬಂದಿದ್ದ ನಮ್ಮ ತಾಯಿಯವರು ಸ್ವಲ್ಪ ಹೊತ್ತು ನೋಡಿ, “ನಮ್ಮ ಹಳಿ ಮನಿ ಬೆಳಕು ಇದ್ದಂಗ ಅದ ನೋಡು” ಎಂದರು. ಆ ನಾಲ್ಕರಲ್ಲಿ ಒಂದು ಬಲ್ಬು ಎರಡೇ ದಿನಗಳಲ್ಲಿ ನಮಗೆ ಒಂದು ಪಾಠ ಕಲಿಸಿತು. ಅದನ್ನು ಹೇಳುವ ಮೊದಲು, ತಾಯಿಯವರು ಗುರುತಿಸಿದ ಆ ಬೆಳಕಿನ ಚರಿತ್ರೆಯನ್ನು ಸ್ವಲ್ಪ ನೋಡೋಣ. ಏಕೆಂದರೆ ಅದರಲ್ಲಿ ಕನ್ನಡ ನಾಡಿನ ಪಾಲು ದೊಡ್ಡದು.

ಗಾಜಿನ ಬುರುಡೆಯೊಳಗೆ ಇಂಗಾಲದ ತಂತುವನ್ನು ಕಾಯಿಸಿ ಬೆಳಕು ಪಡೆಯುವ ವಿದ್ಯೆಯನ್ನು ಇಂಗ್ಲೆಂಡಿನ ಸ್ವಾನ್ ಮತ್ತು ಅಮೆರಿಕದ ಎಡಿಸನ್ 1879ರ ಹೊತ್ತಿಗೆ ಸಾಧಿಸಿದರು. ಅದಾಗಿ ಕಾಲು ಶತಮಾನ ಕಳೆಯುವುದರೊಳಗೆ ಮೈಸೂರು ಸಂಸ್ಥಾನ ತನ್ನದೇ ಜಲವಿದ್ಯುತ್ತನ್ನು ಉತ್ಪಾದಿಸುತ್ತಿತ್ತು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ರೂಪುಗೊಂಡ ಶಿವನಸಮುದ್ರದ ಯೋಜನೆ 1902ರಲ್ಲಿ ಸಿದ್ಧವಾಗಿ, ಸುಮಾರು 147 ಕಿಲೋಮೀಟರು ದೂರದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತು ಹರಿಯಿತು. ಅದನ್ನು ಕಣ್ಣಾರೆ ಕಾಣುವ ಭಾಗ್ಯ ಶೇಷಾದ್ರಿ ಅಯ್ಯರ್ ಅವರಿಗಿರಲಿಲ್ಲ. ಅವರು 1901ರಲ್ಲಿಯೇ ತೀರಿಕೊಂಡಿದ್ದರು. 1905ರ ಆಗಸ್ಟಿನಲ್ಲಿ ಬೆಂಗಳೂರಿನ ಬೀದಿಗಳಲ್ಲಿ ಅದೇ ವಿದ್ಯುತ್ತಿನಿಂದ ದೀಪಗಳು ಉರಿದವು.

ಮೈಸೂರಿನಲ್ಲಿ 1897ರಲ್ಲಿ ಹಳೆಯ ಮರದ ಅರಮನೆ ಬೆಂಕಿಗೆ ಆಹುತಿಯಾದುದನ್ನು ವಾಚಕರು ಬಲ್ಲರು. ಅದರ ಸ್ಥಳದಲ್ಲಿ ಹೆನ್ರಿ ಇರ್ವಿನ್ನರ ನಕ್ಷೆಯಂತೆ ಕಟ್ಟಿದ ಹೊಸ ಅರಮನೆ 1912ರಲ್ಲಿ ಮುಗಿಯಿತು. ಇಂದು ಅದರ ಅಂಚುಗಳಲ್ಲೆಲ್ಲ ಸುಮಾರು ಒಂದು ಲಕ್ಷ ದೀಪಗಳಿವೆ. ಭಾನುವಾರ ಸಂಜೆ ಅವು ಒಮ್ಮೆಲೇ ಹೊತ್ತಿಕೊಂಡಾಗ ಹೊರಡುವ ‘ಹಾ’ ಎಂಬ ಉದ್ಗಾರವನ್ನು ಕೇಳಿದವರಿಗೆ, ಹೊಂಬಣ್ಣದ ಬೆಳಕು ಮನಸ್ಸನ್ನು ಏಕೆ ಸೆಳೆಯುತ್ತದೆಂದು ಬೇರೆ ವಿವರಿಸಬೇಕಾಗಿಲ್ಲ.

ಬೆಳಕು ನಮ್ಮದಾದರೂ ಬಲ್ಬು ಹೊರಗಿನಿಂದ ಬರಬೇಕಾಗಿತ್ತು. ಆ ಕೊರತೆಯನ್ನು ನೀಗಲು, ಮಿರ್ಜಾ ಇಸ್ಮಾಯಿಲ್ ಅವರು ದಿವಾನರಾಗಿದ್ದಾಗ, 1936ರಲ್ಲಿ ಬೆಂಗಳೂರಿನ ಮಲ್ಲೇಶ್ವರದ ಬಳಿ ಮೈಸೂರು ಲ್ಯಾಂಪ್ಸ್ ಕಾರ್ಖಾನೆ ಆರಂಭವಾಯಿತು. ನಮ್ಮ ಬಾಲ್ಯದ ಮನೆಯ ಪಡಸಾಲೆಯಲ್ಲಿ ಉರಿಯುತ್ತಿದ್ದುದು ಅಲ್ಲಿ ತಯಾರಾದ ನಲವತ್ತು ವ್ಯಾಟಿನ ಬಲ್ಬೇ. ಅದರ ಕೆಳಗೇ ನಾವು ಮಗ್ಗಿ ಕಲಿತೆವು. 2003ರಲ್ಲಿ ಆ ಕಾರ್ಖಾನೆ ಮುಚ್ಚಿತು. ನಾವಿರುವ ಈ ಊರಿನ ಕಥೆಯೂ ಇಂಥದೇ. 1920ರಲ್ಲಿ ಹುಸೇನ್ ಸಾಗರದ ದಡದಲ್ಲಿ ನಿಜಾಮರ ಸರ್ಕಾರ ಕಟ್ಟಿದ ಉಷ್ಣವಿದ್ಯುತ್ ಸ್ಥಾವರ 1983ರಲ್ಲಿ ಕೆಲಸ ನಿಲ್ಲಿಸಿತು. 1995ರ ಹೊತ್ತಿಗೆ ಅದನ್ನು ಕೆಡವಿಯೂ ಆಗಿತ್ತು.

ಹಳೆಯ ಬಲ್ಬು ಹಿಂದೆ ಸರಿದದ್ದು ನ್ಯಾಯವೇ. ಅದರ ಟಂಗ್‌ಸ್ಟನ್ ತಂತು 2,500 ಡಿಗ್ರಿಯ ಆಸುಪಾಸು ಕಾದು, ಪಡೆದ ವಿದ್ಯುತ್ತಿನಲ್ಲಿ ನೂರಕ್ಕೆ ತೊಂಬತ್ತು ಪಾಲಿಗಿಂತ ಹೆಚ್ಚನ್ನು ಶಾಖವಾಗಿ ಚೆಲ್ಲುತ್ತಿತ್ತು. ನೀಲಿ ಎಲ್‌ಇಡಿಯನ್ನು ಸಾಧಿಸಿದ ಅಕಾಸಾಕಿ, ಅಮಾನೊ ಮತ್ತು ನಾಕಾಮುರಾ ಅವರಿಗೆ 2014ರಲ್ಲಿ ನೊಬೆಲ್ ಪಾರಿತೋಷಕ ಬಂದಿತು. ಮರುವರ್ಷವೇ ಆರಂಭವಾದ ಉಜಾಲಾ ಯೋಜನೆ ನಮ್ಮ ದೇಶದ ಮನೆಮನೆಗೂ ಎಲ್‌ಇಡಿ ಬಲ್ಬನ್ನು ಮುಟ್ಟಿಸಿತು. ಕರೆಂಟಿನ ಬಿಲ್ಲು ಇಳಿಯಿತು. ಆದರೆ ಆ ಬಿಳಿಯ ಬೆಳಕು ಹಲವರಿಗೆ ಆಸ್ಪತ್ರೆಯ ವಾರ್ಡನ್ನು ನೆನಪಿಸಿತು. ಹಳೆಯ ಹೊಂಬಣ್ಣಕ್ಕಾಗಿ ಹಂಬಲ ಹುಟ್ಟಿದ್ದು ಹೀಗೆ. ಆ ಹಂಬಲಕ್ಕೆ ಉತ್ತರವಾದ ಎಲ್‌ಇಡಿ ತಂತು ಬಲ್ಬು ಜಪಾನಿನಲ್ಲಿ 2008ರಷ್ಟು ಹಿಂದೆಯೇ ಬಂದಿತ್ತು.

ಈ ಹೊಸ ಬಲ್ಬಿನಲ್ಲಿ ತಂತುವಿನಂತೆ ಕಾಣುವುದು ತಂತುವಲ್ಲ. ಕಡ್ಡಿಯಂಥ ಸಣ್ಣ ಪಟ್ಟಿಯ ಮೇಲೆ ಹತ್ತಾರು ಪುಟ್ಟ ಎಲ್‌ಇಡಿಗಳನ್ನು ಸಾಲಾಗಿ ಜೋಡಿಸಿ, ಮೇಲೆ ಹಳದಿ ಲೇಪ ಬಳಿದಿರುತ್ತಾರೆ. ಪಟ್ಟಿಯ ಶಾಖವನ್ನು ಗಾಜಿಗೆ ಸಾಗಿಸಲು ಬುರುಡೆಯೊಳಗೆ ಹೀಲಿಯಂನಂಥ ಅನಿಲ ತುಂಬಿರುತ್ತಾರೆ. ಹಳೆಯ ಬಲ್ಬು ನಲವತ್ತು ವ್ಯಾಟಿಗೆ ಕೊಡುತ್ತಿದ್ದ ಬೆಳಕನ್ನು ಇದು ನಾಲ್ಕೈದು ವ್ಯಾಟಿಗೇ ಕೊಡುತ್ತದೆ. ಗಾಜು ಕೈ ಸುಡುವಷ್ಟು ಕಾಯುವುದೂ ಇಲ್ಲ.

ಇನ್ನು ಆ ಪಾಠದ ವಿಷಯ. ಹಬ್ಬದ ಎರಡನೆಯ ದಿನ ಸಂಜೆ ಗಾಳಿಗೆ ತೂಗಾಡಿದ ಒಂದು ಬಲ್ಬು ಬಾಲ್ಕನಿಯ ಕಬ್ಬಿಣದ ಸರಳಿಗೆ ಬಡಿದು, ಗಾಜಿನ ಕೆಳಭಾಗ ಒಡೆದು ಬಿದ್ದಿತು. ಹಳೆಯ ಬಲ್ಬಾಗಿದ್ದರೆ ಗಾಳಿ ಸೋಕಿದ ಕೂಡಲೇ ತಂತು ಉರಿದು ಆರಿಹೋಗುತ್ತಿತ್ತು. ಇದು ಆರಲಿಲ್ಲ. ಬತ್ತಲೆ ಎಳೆಗಳು ಮೊದಲಿನಂತೆಯೇ ಹೊಳೆಯುತ್ತಿದ್ದವು. ‘ಹೊಸ ಬಲ್ಬು ಸುಡುವುದಿಲ್ಲ’ ಎಂದು ನಾವೇ ಹೇಳಿಕೊಟ್ಟಿದ್ದ ನಮ್ಮ ಎಂಟು ವರ್ಷದ ಮಗಳು ಕುರ್ಚಿ ಹತ್ತಿ ಆ ಎಳೆಗೆ ಬೆರಳು ಚಾಚಿದಳು. “ಏ, ಮುಟ್ಟಬ್ಯಾಡ! ಮೊದಲ ಮೇನ್ ಬಂದ್ ಮಾಡ್ರಿ!” ಎಂದು ತಾಯಿಯವರು ಕೂಗಿದ ಕೂಗಿಗೆ ಮಗು ಬೆಚ್ಚಿ ಕೈ ಹಿಂದೆಗೆದಳು. ಇಂಥ ಬಲ್ಬುಗಳಲ್ಲಿ ಆ ಎಳೆಗಳು ಸಾಮಾನ್ಯವಾಗಿ ಮನೆಯ 230 ವೋಲ್ಟಿನ ಸಂಪರ್ಕದಲ್ಲಿಯೇ ಇರುತ್ತವೆ. ನಡುವೆ ಕಾಪಾಡುವುದು ಆ ತೆಳು ಗಾಜೊಂದೇ. ಬಿ.ಎಸ್ಸಿ.ಯಲ್ಲಿ ಭೌತಶಾಸ್ತ್ರ ಓದಿದ ನಮಗೆ ಹೊಳೆಯದಿದ್ದುದು ಶಾಲೆಯನ್ನೇ ಕಾಣದ ತಾಯಿಯವರಿಗೆ ಹೊಳೆಯಿತು.

ಆಮೇಲೆ ಡಬ್ಬಿಯನ್ನು ತಿರುಗಿಸಿ ನೋಡಿದೆವು. ತಯಾರಕರ ಹೆಸರೂ ಇಲ್ಲ, ಯಾವ ಮುದ್ರೆಯೂ ಇಲ್ಲ. ಸಂಖ್ಯೆಯಿಲ್ಲದ ಕಡತವನ್ನು ಕಚೇರಿಯಲ್ಲಿ ನಾವು ಮುಟ್ಟುವವರಲ್ಲ. ಮನೆಗೆ ತರುವ ಬಲ್ಬಿಗೆ ಮಾತ್ರ ಸಂಖ್ಯೆ ಕೇಳಿರಲಿಲ್ಲ!

ಆದುದರಿಂದ ನಮ್ಮ ಸಂಘದ ಬಂಧುಗಳಲ್ಲಿ ಕೆಲವು ಅರಿಕೆಗಳು. ಬಲ್ಬು ಕೊಳ್ಳುವಾಗ ಭಾರತೀಯ ಮಾನಕ ಸಂಸ್ಥೆಯ ಮುದ್ರೆ, ‘ಐಎಸ್ 16102’ ಎಂಬ ಸಂಖ್ಯೆ ಮತ್ತು ‘ಆರ್’ ಅಕ್ಷರದಿಂದ ಆರಂಭವಾಗುವ ನೋಂದಣಿ ಸಂಖ್ಯೆಗಳಿವೆಯೇ ಎಂದು ನೋಡಿರಿ. ಆ ನೋಂದಣಿ ಸಂಖ್ಯೆಯನ್ನು ಸಂಸ್ಥೆಯ ‘ಬಿಐಎಸ್ ಕೇರ್’ ಆ್ಯಪಿನಲ್ಲಿ ಪರೀಕ್ಷಿಸಬಹುದು. ಹೋಲ್ಡರು ತಿರುಪಿನದಾಗಿದ್ದರೆ ಫೇಸ್ ತಂತಿ ನಡುವಿನ ಬಿಂದುವಿಗೆ ಬರುವಂತೆ ಎಲೆಕ್ಟ್ರಿಷಿಯನ್ ಕೈಯಲ್ಲಿ ಜೋಡಿಸಿರಿ. ಅದಲುಬದಲಾದರೆ ಹೊರಗಿನ ತಿರುಪೇ ಶಾಕ್ ಹೊಡೆಯುತ್ತದೆ. ಗಾಳಿಯಾಡದ ಮುಚ್ಚಿದ ಬುರುಡೆಗಳಲ್ಲಿ ಹಾಕಬೇಡಿರಿ; ಕ್ಯಾಪಿನೊಳಗಿನ ಸರ್ಕಿಟ್ಟು ಕಾದು ಬೇಗ ಕೆಡುತ್ತದೆ. ಬೆಳಕಿನ ಮುಂದೆ ಪೆನ್ನನ್ನು ಬೇಗಬೇಗ ಅಲ್ಲಾಡಿಸಿದಾಗ ಅದು ತುಂಡುತುಂಡಾಗಿ ಕಂಡರೆ ಬೆಳಕು ಮಿನುಗುತ್ತಿದೆಯೆಂದು ತಿಳಿಯಿರಿ. ಮಕ್ಕಳು ಓದುವಲ್ಲಿ ಅದು ಬೇಡ. ಗಾಜು ಬಿರುಕು ಬಿಟ್ಟರೆ, ದೀಪ ಎಷ್ಟೇ ಚೆನ್ನಾಗಿ ಉರಿಯುತ್ತಿರಲಿ, ಮೇನ್ ಆರಿಸಿಯೇ ಕೈ ಹಾಕಿರಿ.

ನಾವು ಆ ಬಲ್ಬುಗಳನ್ನೆಲ್ಲ ತೆಗೆದು, ಮುದ್ರೆಯಿರುವ ಬೇರೆ ನಾಲ್ಕನ್ನು ತಂದು, ಬಾಲ್ಕನಿಗೆ ಬೇಡವೆಂದು ಪಡಸಾಲೆಯಲ್ಲಿ ಮಕ್ಕಳ ಕೈಗೆಟುಕದ ಎತ್ತರಕ್ಕೆ ಹಾಕಿಸಿದೆವು. ಅದೇ ಹೊಂಬೆಳಕು ಈಗಲೂ ಬೀಳುತ್ತಿದೆ. ಅದರ ಕೆಳಗೆ ಕುಳಿತು ಮಗಳಿಗೆ ಶಿವನಸಮುದ್ರದ ಕಥೆಯನ್ನೂ ಮುಚ್ಚಿದ ಆ ಕಾರ್ಖಾನೆಯ ಕಥೆಯನ್ನೂ ಹೇಳುತ್ತೇವೆ. ಅವಳು ಕೇಳುತ್ತಾಳೆ. ಕೇಳುತ್ತ ಕೇಳುತ್ತ ಒಮ್ಮೊಮ್ಮೆ ತಲೆಯೆತ್ತಿ, ಗಾಜು ನೆಟ್ಟಗಿದೆಯೇ ಎಂದು ನೋಡಿಕೊಳ್ಳುತ್ತಾಳೆ.