ಆರಂಭದ ಹಂತದ ಲಿಂಫೋಮಾ: ಬದುಕುಳಿವಿನ ಅಂಕಿಗಳನ್ನು ಅಂತರಘಟ್ಟೆಯಿಂದ ಓದಿದಾಗ

ಹಾಜ್‌ಕಿನ್ ಲಿಂಫೋಮಾ ಎಂಬ ಕ್ಯಾನ್ಸರ್ ವಪೆಯ ಒಂದೇ ಬದಿಯ ದುಗ್ಧಗ್ರಂಥಿಗಳಲ್ಲಿ ಉಳಿದಿದ್ದರೆ ಅದು ಮೊದಲ ಇಲ್ಲವೆ ಎರಡನೆಯ ಹಂತ; ಆಗ ಬಹುಪಾಲು ರೋಗಿಗಳು ಗುಣವಾಗುತ್ತಾರೆ. ಅಪಾಯದ ಲಕ್ಷಣಗಳಿಲ್ಲದ 1,370 ರೋಗಿಗಳ ಮೇಲೆ ನಡೆದ ಜರ್ಮನಿಯ ಎಚ್‌ಡಿ10 ಅಧ್ಯಯನ 2010ರಲ್ಲಿ ಪ್ರಕಟವಾಯಿತು. ಎಬಿವಿಡಿ ಕೀಮೋಥೆರಪಿಯ ನಾಲ್ಕು ಸುತ್ತು ಪಡೆದವರಲ್ಲಿ ಐದು ವರ್ಷದ ಕೊನೆಗೆ ಚಿಕಿತ್ಸೆ ವಿಫಲವಾಗದೆ ಉಳಿದವರು ಶೇ. 93.0, ಎರಡೇ ಸುತ್ತು ಪಡೆದವರಲ್ಲಿ ಶೇ. 91.1. ಬದುಕುಳಿದವರು ಎರಡೂ ಗುಂಪುಗಳಲ್ಲಿ ಸುಮಾರು ಶೇ. 97.

ಅಜ್ಜಂಪುರ ತಾಲ್ಲೂಕಿನ ಅಂತರಘಟ್ಟೆಯ ಕೃಷಿಕೂಲಿಗೆ ಈ ಅಂಕಿಗಳ ಅರ್ಥವೇನು? ಒಂದು ಸುತ್ತಿಗೆ ಎರಡು ಸಲ ಔಷಧ ಏರಿಸಬೇಕು. ಎರಡು ಸುತ್ತು ಕಡಿಮೆಯಾದರೆ, ಇನ್ನೂರು ಕಿಲೋಮೀಟರಿಗೂ ದೂರದ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆಯಂಥ ಕಡೆಗೆ ನಾಲ್ಕು ಪ್ರಯಾಣ ಉಳಿಯುತ್ತವೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆ ಬಡ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸಾವೆಚ್ಚ ಕೊಡುತ್ತದೆ. ತಪ್ಪಿದ ಕೂಲಿಯನ್ನು ತುಂಬಿಕೊಡುವುದಿಲ್ಲ. ಚಿಕಿತ್ಸೆ ಅರ್ಧಕ್ಕೆ ನಿಲ್ಲುವುದು ಬಹಳ ಸಲ ಅಲ್ಲಿಯೇ.

ಆದರೆ ಚಿಕಿತ್ಸೆ ಹಗುರವಾದಲ್ಲೆಲ್ಲ ಓಡಾಟ ತಗ್ಗುವುದಿಲ್ಲ. ಇನ್ನೊಂದು ಬಗೆಯಾದ ದೊಡ್ಡ ಬಿ-ಕೋಶ ಲಿಂಫೋಮಾ ಕುರಿತ 2019ರ ಫ್ಲೈಯರ್ ಅಧ್ಯಯನ ಕೀಮೋಥೆರಪಿಯನ್ನು ಆರರಿಂದ ನಾಲ್ಕು ಸುತ್ತಿಗೆ ಇಳಿಸಿತು, ಫಲಿತಾಂಶ ಕುಗ್ಗಲಿಲ್ಲ. ಜೊತೆಗೆ ಕೊಡುವ ರಿಟುಕ್ಸಿಮ್ಯಾಬ್ ಔಷಧ ಮಾತ್ರ ಆರು ಸಲವೂ ಬೇಕಾಯಿತು. ದೇಹಕ್ಕಾಗುವ ಹಾನಿ ಕಡಿಮೆ, ಬಸ್ಸಿನ ಖರ್ಚು ಅಷ್ಟೇ.

ಹಾಜ್‌ಕಿನ್ ಲಿಂಫೋಮಾದಲ್ಲಿ ಕೀಮೋಥೆರಪಿಯ ನಂತರ ಕೊಡುವ ವಿಕಿರಣವನ್ನು ಬಿಡುವ ಪ್ರಶ್ನೆ ಇನ್ನೂ ಸೂಕ್ಷ್ಮ. 2015ರ ಬ್ರಿಟನ್ನಿನ ರ್‍ಯಾಪಿಡ್ ಅಧ್ಯಯನದಲ್ಲಿ ಕೀಮೋಥೆರಪಿಯ ಬಳಿಕ ಪೆಟ್ ಸ್ಕ್ಯಾನಿನಲ್ಲಿ ರೋಗ ಕಾಣದವರನ್ನು ಎರಡು ಗುಂಪು ಮಾಡಲಾಯಿತು. ಮೂರು ವರ್ಷ ರೋಗ ಮರುಕಳಿಸದೆ ಇದ್ದವರು ವಿಕಿರಣ ಪಡೆದವರಲ್ಲಿ ಶೇ. 94.6, ಪಡೆಯದವರಲ್ಲಿ ಶೇ. 90.8. ಎಳೆಯ ಹೆಣ್ಣುಮಕ್ಕಳ ಎದೆಭಾಗಕ್ಕೆ ವಿಕಿರಣ ಕೊಟ್ಟರೆ ಮುಂದೆ ಸ್ತನ ಕ್ಯಾನ್ಸರ್, ಹೃದ್ರೋಗಗಳ ಭಯವುಂಟು. ಮರುಕಳಿಸಿದ ರೋಗವನ್ನೂ ಆಕರಕೋಶ ಕಸಿಯಿಂದ ಗುಣಪಡಿಸಬಹುದು, ಆದರೆ ಅದು ದೀರ್ಘ ಆಸ್ಪತ್ರೆವಾಸ ಬೇಡುತ್ತದೆ. ಹಾಗಾಗಿ ದೂರದ ಹಳ್ಳಿಯ ರೋಗಿಯ ಜೊತೆ ಕೂತು ಎರಡನ್ನೂ ತೂಗಿ ನೋಡಬೇಕು. ಲಂಡನ್ನಿನ ಆಯ್ಕೆ ತಾನಾಗಿ ಇಲ್ಲಿಯ ಆಯ್ಕೆಯಾಗದು.

ಇಷ್ಟೆಲ್ಲ ಲೆಕ್ಕ ರೋಗ ಬೇಗ ಪತ್ತೆಯಾದವರಿಗೆ. ಕುತ್ತಿಗೆಯ ನೋವಿಲ್ಲದ ಗಡ್ಡೆ, ಜ್ವರ, ರಾತ್ರಿ ಬೆವರು, ತೂಕ ಇಳಿತ ಕ್ಷಯದಲ್ಲೂ ಇವೆ. ಕ್ಷಯ ಹೆಚ್ಚಿರುವ ನಮ್ಮಲ್ಲಿ ಗಂಡಮಾಲೆಯೆಂದು ಊಹಿಸಿ ಆರು ತಿಂಗಳ ಮಾತ್ರೆ ಆರಂಭಿಸಿದರೆ ಲಿಂಫೋಮಾ ಹಂತ ದಾಟಿಬಿಡಬಹುದು. ಸೂಜಿ ಪರೀಕ್ಷೆಯೊಂದನ್ನೇ ನೆಚ್ಚುವಂತಿಲ್ಲ. ಗಡ್ಡೆ ನಾಲ್ಕು ವಾರ ಕರಗದೆ ನಿಂತರೆ, ಸಾಧ್ಯವಿದ್ದಲ್ಲಿ ಇಡೀ ಗ್ರಂಥಿಯನ್ನೇ ತೆಗೆದು ಬಯಾಪ್ಸಿಗೆ ಕಳಿಸುವ ವ್ಯವಸ್ಥೆಯನ್ನು ತಾಲ್ಲೂಕು ಆಸ್ಪತ್ರೆಯ ಮಟ್ಟದಲ್ಲೇ ಆರೋಗ್ಯ ಇಲಾಖೆ ಖಚಿತಪಡಿಸಬೇಕು.