ಟೀವಿ ಸಾಲಿಯಿಂದ ಆನ್‌ಲೈನ್ ಕ್ಲಾಸಿಗೆ

ತೆರೆಯ ಮೇಲಿನ ಪಾಠ 2020ರ ಲಾಕ್‌ಡೌನಿನಲ್ಲಿ ಹುಟ್ಟಿದ್ದು ಎಂದೇ ನಾನು ತಿಳಿದಿದ್ದೆ. ಮಾದಾಪುರದ ನಮ್ಮ ಫ್ಲ್ಯಾಟಿನಲ್ಲಿ ಮಗನ ಒಂದನೇ ಕ್ಲಾಸು ಲ್ಯಾಪ್‌ಟಾಪಿನಲ್ಲಿ ಶುರುವಾದ ದಿನ ನಮ್ಮತ್ತೆ, "ಇದೇನ್ ಹೊಸಾದಲ್ಲ ಬಿಡವ್ವ, ನಮ್ಮೂರಾಗ ಟೀವಿ ಸಾಲಿ ಇತ್ತು" ಎಂದರು. ಅವರ ಊರು ರಾಯಚೂರು ಜಿಲ್ಲೆಯದು.

ಅದು 'ಸೈಟ್' ಪ್ರಯೋಗ. ಅಮೆರಿಕದ ಎಟಿಎಸ್-6 ಉಪಗ್ರಹವನ್ನು ಒಂದು ವರ್ಷದ ಮಟ್ಟಿಗೆ ಪಡೆದು, 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ಇಸ್ರೋ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟೀವಿ ಮುಟ್ಟಿಸಿತು. ಕರ್ನಾಟಕದಲ್ಲಿ ಗುಲಬರ್ಗಾ, ರಾಯಚೂರು, ಬಿಜಾಪುರ. (ಮೊದಲೆರಡು 1956ರವರೆಗೆ ನಮ್ಮ ಹೈದರಾಬಾದ್ ರಾಜ್ಯದಲ್ಲೇ ಇದ್ದವು!) ಬೆಳಿಗ್ಗೆ ಶಾಲೆ ಮಕ್ಕಳಿಗೆ ಪಾಠ, ಸಂಜೆ ಊರವರಿಗೆಲ್ಲ ಆರೋಗ್ಯ, ಒಕ್ಕಲುತನದ ಮಾತು. ತಂತಿ ಜಾಲರಿಯ ದೊಡ್ಡ ಆಂಟೆನಾ, ಇಡೀ ಊರಿಗೆ ಒಂದೇ ಟೀವಿ. ಸಂಜೆಯ ಕಾರ್ಯಕ್ರಮಗಳಿಂದ ಹೆಚ್ಚು ತಿಳಿದುಕೊಂಡವರು ಓದು ಬರಹ ಬಾರದವರು, ಹೆಂಗಸರು ಎಂದು ಆಮೇಲಿನ ಅಧ್ಯಯನಗಳಲ್ಲಿ ಕಂಡುಬಂತು. ಹೇಗೆ ಎಂದು ಅತ್ತೆಯನ್ನೇ ಕೇಳಿದೆ. "ಅದು ತಾ ಹೇಳೂದು ಹೇಳ್ತಿತ್ತು. ತಿಳೀಲಿಲ್ಲಂದ್ರ ಬಾಜೂದಾಕಿನ್ನ ಕೇಳ್ತಿದ್ವಿ."

2020ರಲ್ಲಿ ಆ ಬಾಜೂದಾಕಿಯೇ ಇರಲಿಲ್ಲ. ಜೂನ್‌ನಲ್ಲಿ ಕರ್ನಾಟಕ ಸರ್ಕಾರ ಐದನೇ ತರಗತಿವರೆಗೆ ಆನ್‌ಲೈನ್ ಕ್ಲಾಸು ಬೇಡವೆಂದಿತು. ಜುಲೈನಲ್ಲಿ ಹೈಕೋರ್ಟ್ ಅದಕ್ಕೆ ತಡೆ ಕೊಟ್ಟಿತು. ಆಗಸ್ಟಿನಲ್ಲಿ 'ವಿದ್ಯಾಗಮ' ಬಂತು: ಮೇಷ್ಟ್ರುಗಳೇ ಓಣಿಗೆ ಹೋಗಿ ಗುಡಿ ಕಟ್ಟೆ, ಮರದ ನೆರಳಲ್ಲಿ ಪಾಠ ಹೇಳಿದರು. ಸೋಂಕಿನ ಭಯದಿಂದ ಅಕ್ಟೋಬರಿನಲ್ಲಿ ಅದೂ ನಿಂತಿತು. ಅಲ್ಲಿ ಮಕ್ಕಳನ್ನು ಮೂರು ಗುಂಪು ಮಾಡಿದ್ದರು: ಫೋನೇ ಇಲ್ಲದವರು, ಇಂಟರ್ನೆಟ್ ಇಲ್ಲದ ಫೋನಿನವರು, ಇಂಟರ್ನೆಟ್ ಇರುವವರು. ಆ ಹೊತ್ತಿಗೆ ಬೇರೆ ದಾರಿ ಇರಲಿಲ್ಲವೇನೋ. ಆದರೆ ಮಗು ಹೇಗೆ ಕಲಿಯುತ್ತದೆ ಎನ್ನುವುದು ಫೋನಿನಿಂದ ತಿಳಿಯುವುದಿಲ್ಲ. ಫೋನೂ ವೈಫೈಯೂ ಇದ್ದ ನಮ್ಮ ಮನೆಯಲ್ಲೇ ಎರಡು ಥರ. ಕ್ಲಾಸಿನಲ್ಲಿ ಬಾಯಿಬಿಡದ ಎಂಟನೇ ಕ್ಲಾಸಿನ ಮಗಳು ಚಾಟ್‌ನಲ್ಲಿ ಪ್ರಶ್ನೆ ಮೇಲೆ ಪ್ರಶ್ನೆ ಹಾಕುತ್ತಿದ್ದಳು. ತಿಳಿಯದ ಗಣಿತವನ್ನು ಮೂರು ಸಲ ಹಿಂದಕ್ಕೆ ತಿರುಗಿಸಿ ನೋಡುತ್ತಿದ್ದಳು. ಮಗನೋ, ಕ್ಯಾಮೆರಾ ಆನ್ ಇಟ್ಟು ಮೇಜಿನ ಕೆಳಗೆ! ಮೂರು ತಿಂಗಳಾದರೂ ಅಕ್ಷರ ಹತ್ತಲಿಲ್ಲ. ನಾನು ಗದರಿದೆ, ಅವನು ಅತ್ತ, ನಾನೂ ಅತ್ತೆ.

ಕೊನೆಗೆ ಅತ್ತೆ ಅವನ ಪಕ್ಕ ಕುರ್ಚಿ ಹಾಕಿಕೊಂಡರು. ಅವರಿಗೆ ಓದಲು ಬಾರದು. "ಟೀಚರು ಏನಂದ್ರಪ್ಪ? ನನಗ ತಿಳೀಲಿಲ್ಲ" ಎಂದು ದಿನಾ ಕೇಳುವರು. ಅಜ್ಜಿಗೆ ಹೇಳಿಕೊಡಲು ಅವನು ಕಿವಿಗೊಡಲೇಬೇಕಾಯಿತು. ಯುಗಾದಿ ಹೊತ್ತಿಗೆ ಅವನು ತನ್ನ ಹೆಸರು ಬರೆದ, ಅತ್ತೆ ತಮ್ಮದನ್ನು.